ಕಂತು ಕಟ್ಟುತ್ತಿದ್ದರೂ ಕೋರ್ಟ್ ಸಮನ್ಸ್ ಬಂದರೆ...

ಸಾಲ ಇರುವವರಲ್ಲಿ ಎರಡು ಥರ. ಫೋನ್ ಎತ್ತದವರು ಒಂದು ಥರ. ಎತ್ತಿ ಮಾತಾಡಿ, ‘ಪೂರ್ತಿ ಕಂತು ಆಗಲ್ಲ, ತಿಂಗಳಿಗೆ ಇಷ್ಟು ಕಟ್ತೀನಿ’ ಅಂತ ದಾರಿ ಮಾಡಿಕೊಂಡವರು ಇನ್ನೊಂದು ಥರ. ಈ ಎರಡನೇ ಥರದವರಿಗೆ ಒಂದು ಧೈರ್ಯ ಇರುತ್ತೆ: ಕಟ್ಟುತ್ತಾ ಇದ್ದೀನಲ್ಲ, ಇನ್ನು ಕೋರ್ಟು ಕಚೇರಿಯ ಮಾತು ಬರಲ್ಲ. ಆದರೆ ಬರಬಹುದು. ನಾನು ಒಂಬತ್ತು ತಿಂಗಳು ಒಂದೂ ತಪ್ಪದೆ ಕಟ್ಟಿದ ಮೇಲೂ, ನಾಲ್ಕು ಸಾಲಗಳಲ್ಲಿ ಒಂದನ್ನು ಕೊಟ್ಟವರು ನನ್ನ ಮೇಲೆ ದಾವೆ ಹಾಕಿದರು.

ಆಗ ಮೊಬೈಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಕ್ಕಿದ್ದು ಎರಡೇ ಬಗೆಯ ವಿಡಿಯೊ. ‘ಸಾಲ ಕಟ್ಟದಿದ್ದರೆ ಜೈಲು ಗ್ಯಾರಂಟಿ’ ಅನ್ನೋದು ಒಂದು. ‘ಏನೂ ಆಗಲ್ಲ, ಇಗ್ನೋರ್ ಮಾಡಿ’ ಅನ್ನೋದು ಇನ್ನೊಂದು. ಎರಡನ್ನೂ ನಂಬಬೇಡಿ. ನಾನು ವಕೀಲೆ ಅಲ್ಲ. ಎಂಟು ತಿಂಗಳು ಕೋರ್ಟಿಗೆ ಓಡಾಡಿ ಕಂಡದ್ದನ್ನು, ನನ್ನ ವಕೀಲೆ ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ನಾಲ್ಕು ಸಾಲ, 24 ಸಾವಿರ

2022ರಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಯ್ತು. ಇನ್ಶೂರೆನ್ಸ್ ಕೊಟ್ಟಿದ್ದು ಅರ್ಧ. ಉಳಿದದ್ದಕ್ಕೆ ಎರಡು ಪರ್ಸನಲ್ ಲೋನ್, ಒಂದು ಆ್ಯಪ್ ಲೋನ್, ಕ್ರೆಡಿಟ್ ಕಾರ್ಡ್ ಎಲ್ಲ ಸೇರಿದವು. ಸಂಬಳ ಬರುವಷ್ಟು ದಿನ ಕಂತು ಸಲೀಸಾಗಿ ಹೋಗ್ತಿತ್ತು. 2023ರಲ್ಲಿ ನಮ್ಮ ಕಂಪನಿಯ ಒಂದಿಡೀ ಟೀಮನ್ನೇ ತೆಗೆದರು. ಎಂಟು ತಿಂಗಳು ಕೆಲಸ ಇರಲಿಲ್ಲ.

2024ರ ಜನವರಿಯಲ್ಲಿ ಮತ್ತೆ ಕೆಲಸ ಸಿಕ್ಕಿತು, ಕೈಗೆ 58 ಸಾವಿರ. ಬಾಡಿಗೆ, ರೇಷನ್, ತಿಪಟೂರಿನಲ್ಲಿರುವ ಅಪ್ಪ ಅಮ್ಮನ ಔಷಧಿ ಎಲ್ಲ ಕಳೆದು ಸಾಲಕ್ಕೆ ಕೊಡಲು ಉಳಿಯುತ್ತಿದ್ದದ್ದು 24 ಸಾವಿರ. ಬಾಕಿ ಇದ್ದದ್ದು ಒಟ್ಟು 11 ಲಕ್ಷ 40 ಸಾವಿರ. ಹೆಚ್ಚು ಕಿರುಚುವವರಿಗೆ ಹೆಚ್ಚು ಕೊಡೋದು ಬೇಡ ಅಂತ, ಯಾರಿಗೆ ಎಷ್ಟು ಬಾಕಿಯೋ ಅದರ ಪಾಲಿನಂತೆ ಹಂಚಿದೆ.

ಬ್ಯಾಂಕಿನ ಸಾಲ 4,60,000: ತಿಂಗಳಿಗೆ 9,700.
ಫೈನಾನ್ಸ್ ಕಂಪನಿ 2,86,000: ತಿಂಗಳಿಗೆ 6,000.
ಕ್ರೆಡಿಟ್ ಕಾರ್ಡ್ 2,10,000: ತಿಂಗಳಿಗೆ 4,400.
ಆ್ಯಪ್ ಲೋನ್ 1,84,000: ತಿಂಗಳಿಗೆ 3,900.

ಸಂಬಳದ ಚೀಟಿ, ಮನೆ ಖರ್ಚಿನ ಪಟ್ಟಿ, ಈ ಹಂಚಿಕೆ ಮೂರನ್ನೂ ಸೇರಿಸಿ ನಾಲ್ವರಿಗೂ ಒಂದೇ ಇಮೇಲ್ ಕಳಿಸಿದೆ. ಮೂವರು ಒಂದಿಷ್ಟು ಚೌಕಾಸಿ ಮಾಡಿ ಬರವಣಿಗೆಯಲ್ಲಿ ಒಪ್ಪಿದರು. ಫೈನಾನ್ಸ್ ಕಂಪನಿಯವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪ್ರತಿ ತಿಂಗಳು 5ನೇ ತಾರೀಕು ನಾನು ಹಾಕಿದ 6,000 ಮಾತ್ರ ತಗೊಂಡರು.

ಹಾಗಾದರೆ ದಾವೆ ಯಾಕೆ?

ನಾವು ಮಾಡಿಕೊಳ್ಳುವ ಕಂತಿನ ಏರ್ಪಾಡು ನಮ್ಮ ಮತ್ತು ಸಾಲ ಕೊಟ್ಟವರ ನಡುವಿನ ಖಾಸಗಿ ಮಾತು. ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಅದನ್ನು ಕೋರ್ಟಿನಲ್ಲಿ ತೋರಿಸಬಹುದು, ಅದಕ್ಕೆ ಬೆಲೆ ಇದೆ. ಬರೀ ದುಡ್ಡು ತಗೊಂಡು ಸುಮ್ಮನಿದ್ದರೆ, ಅವರು ಪೂರ್ತಿ ಬಾಕಿ ಕೇಳುವ ಹಕ್ಕು ಬಿಟ್ಟುಕೊಟ್ಟಂತೆ ಆಗಲ್ಲ.

ಕಂತು ಕಟ್ಟುತ್ತಿರುವ ಸಂಬಳದಾರರ ಮೇಲೆ ಯಾರೂ ಕೇಸು ಹಾಕಬಾರದು ಅನ್ನುವ ಕಾನೂನಿನ ಗುರಾಣಿ ನಮ್ಮಲ್ಲಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಬಿಡಿ ವ್ಯಕ್ತಿಗಳಿಗಾಗಿ ಒಂದು ಭಾಗವಿದೆ. ಅದು 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಪರ್ಸನಲ್ ಲೋನಿನವರಿಗೆ ಅದರ ನೆರಳಿಲ್ಲ.

ಇನ್ನೊಂದು ಕಾರಣ ಕಾಲಮಿತಿ. ಸಾಲ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ. ಅದು ಮುಗಿಯುವುದರೊಳಗೆ ಹಾಕಿಬಿಡೋಣ ಅಂತ ಲೀಗಲ್ ವಿಭಾಗದವರು ಸಾಲಾಗಿ ಫೈಲು ಕಳಿಸುತ್ತಾರೆ. ನಮ್ಮ ಜತೆ ಫೋನಿನಲ್ಲಿ ‘ಆಯ್ತು ಮೇಡಂ, ಕಟ್ತಾ ಇರಿ’ ಅಂದವರಿಗೆ ಈ ಫೈಲು ಹೋದದ್ದು ಗೊತ್ತೇ ಇರುವುದಿಲ್ಲ.

ಬಾಗಿಲಿಗೆ ಬಂದ ಅಮೀನರು

ಲೋನ್ ಅರ್ಜಿಯಲ್ಲಿ ಕಾಯಂ ವಿಳಾಸ ಅಂತ ತಿಪಟೂರಿನ ಮನೆ ಕೊಟ್ಟಿದ್ದೆ. ಡಿಸೆಂಬರ್‌ನಲ್ಲಿ ಕೋರ್ಟ್ ಅಮೀನರು ಸಮನ್ಸ್ ಹಿಡಿದು ಅಲ್ಲಿಗೇ ಹೋದರು. ಅಮ್ಮ ಫೋನ್ ಮಾಡಿದಾಗ ದನಿ ನಡುಗುತ್ತಿತ್ತು. ‘ನಮ್ಮ ಮನೇಲಿ ಇದುವರೆಗೂ ಯಾರೂ ಕೋರ್ಟ್ ಮೆಟ್ಟಿಲು ಹತ್ತಿಲ್ಲ ಕಣೇ. ಚಿಕ್ಕಪ್ಪ ತಗೋಬೇಡ ಅತ್ತಿಗೆ ಅಂತಾವ್ನೆ. ವಾಪಸ್ ಕಳಿಸ್ಲಾ?’

‘ಬೇಡಮ್ಮ, ಸೈನ್ ಹಾಕಿ ಇಸ್ಕೋ. ಫೋಟೊ ತೆಗ್ದು ಕಳ್ಸು’ ಅಂದೆ.

ಚಿಕ್ಕಪ್ಪನ ಸಲಹೆ ನಮ್ಮ ಊರುಗಳಲ್ಲಿ ಎಲ್ಲರೂ ಕೊಡುವ ಸಲಹೆಯೇ. ಕಾನೂನು ಇದನ್ನು ಮೊದಲೇ ಯೋಚಿಸಿಟ್ಟಿದೆ. ಸಮನ್ಸ್ ತಗೊಳ್ಳಲು ನಿರಾಕರಿಸಿದರೆ ಬಾಗಿಲಿಗೆ ಅಂಟಿಸಬಹುದು, ತಲುಪಿದೆ ಅಂತಲೇ ಕೋರ್ಟ್ ಲೆಕ್ಕ ಹಾಕಬಹುದು. ಆಗ ದಿನಗಳು ಓಡತೊಡಗುತ್ತವೆ, ಒಳಗೆ ಏನು ಬರೆದಿದೆ ಅಂತ ಮಾತ್ರ ನಮಗೆ ಗೊತ್ತಿರಲ್ಲ. ತಗೊಂಡರೆ ಸಾಲ ಒಪ್ಪಿಕೊಂಡ ಹಾಗಲ್ಲ. ಕಾಗದ ಸಿಕ್ಕಿದೆ ಅಂತ ಅಷ್ಟೇ.

ಕೈಗೆ ಬಂದ ಕಾಗದ ಯಾವುದು?

ಎಲ್ಲವನ್ನೂ ನಾವು ‘ಕೋರ್ಟ್ ನೋಟಿಸ್’ ಅಂದುಬಿಡುತ್ತೇವೆ. ಅದರಲ್ಲಿ ಐದು ಬಗೆ ಇದೆ, ಒಂದೊಂದಕ್ಕೂ ಬೇರೆ ಗಡುವು.

ವಕೀಲರ ನೋಟಿಸ್: ಇದು ಕೋರ್ಟಿನಿಂದ ಬಂದದ್ದಲ್ಲ. ಇಷ್ಟು ದಿನದಲ್ಲಿ ಕಟ್ಟಿ, ಇಲ್ಲದಿದ್ದರೆ ಕೇಸು ಹಾಕುತ್ತೇವೆ ಅನ್ನುವ ಎಚ್ಚರಿಕೆ. ಆದರೂ ಉತ್ತರ ಕೊಡಿ. ಕಟ್ಟಿದ ಕಂತಿನ ಪಟ್ಟಿ ಲಗತ್ತಿಸಿ.

ಲೋಕ ಅದಾಲತ್ ಆಹ್ವಾನ: ಕೇಸು ಹಾಕುವ ಮೊದಲೇ ರಾಜಿಗೆ ಕರೆಯುವುದು. ಹೋಗದಿದ್ದರೆ ವಾರಂಟ್ ಬರುತ್ತೆ ಅನ್ನುವುದು ಏಜೆಂಟರ ಕಥೆ. ಆದರೆ ಹೋದರೆ ಲಾಭ ಇರಬಹುದು.

ಆರ್ಬಿಟ್ರೇಷನ್ ನೋಟಿಸ್: ಲೋನ್ ಒಪ್ಪಂದದ ಸಣ್ಣಕ್ಷರದಲ್ಲಿ ಈ ಷರತ್ತು ಇರುತ್ತದೆ. ಇಲ್ಲಿ ಬರುವ ತೀರ್ಪನ್ನು ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಬಹುದು. ಹಾಗಾಗಿ ಕಡೆಗಣಿಸಬೇಡಿ. ಸಾಲ ಕೊಟ್ಟವರೇ ಒಂಟಿಯಾಗಿ ಮಧ್ಯಸ್ಥಗಾರರನ್ನು ನೇಮಿಸಿದ್ದರೆ ಬರವಣಿಗೆಯಲ್ಲಿ ಆಕ್ಷೇಪಿಸಿ. ವ್ಯಾಜ್ಯದ ಫಲಿತಾಂಶದಲ್ಲಿ ಆಸಕ್ತಿ ಇರುವವರು ಹೀಗೆ ಒಬ್ಬರೇ ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಸಾಮಾನ್ಯ ಸಿವಿಲ್ ದಾವೆಯ ಸಮನ್ಸ್: ಲಿಖಿತ ಉತ್ತರ ಸಲ್ಲಿಸಲು 30 ದಿನ. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಸಮಯ ಕೊಡಬಹುದು.

ಸಮ್ಮರಿ ಸೂಟ್: ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಅಡಿ ಹಾಕುವ ದಾವೆ. ಇಲ್ಲಿ ಗಡುವು ಬಹಳ ಚಿಕ್ಕದು. ಸಮನ್ಸ್ ತಲುಪಿ 10 ದಿನದೊಳಗೆ ಹಾಜರಾತಿ ದಾಖಲಿಸಬೇಕು. ಆಮೇಲೆ ವಾದಿ ಇನ್ನೊಂದು ಸಮನ್ಸ್ ಕಳಿಸುತ್ತಾರೆ. ಅದು ಬಂದ 10 ದಿನದೊಳಗೆ ‘ನನಗೆ ವಾದಿಸಲು ಅನುಮತಿ ಕೊಡಿ’ ಅಂತ ಅರ್ಜಿ ಹಾಕಬೇಕು. ಕಾಗದದ ಮೇಲೆ ‘ಆದೇಶ 37’ ಅಂತ ಇದ್ದರೆ ಅವತ್ತೇ ವಕೀಲರ ಬಳಿ ಹೋಗಿ.

ಇವಲ್ಲದೆ ನಕಲಿಗಳೂ ಉಂಟು. ಸಿಂಹದ ಲಾಂಛನ, ಕೆಂಪು ಸೀಲು, ‘ಅರೆಸ್ಟ್ ವಾರಂಟ್’ ಅಂತ ದಪ್ಪಕ್ಷರ ಇರುವ ಪಿಡಿಎಫ್ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ನಿಜವಾದ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಕೇಸು ಯಾವ ಕೋರ್ಟಿನಲ್ಲಿದೆ, ಮುಂದಿನ ವಾಯಿದೆ ಯಾವಾಗ ಅಂತ ಬರುತ್ತದೆ. ಅದರಲ್ಲಿ ಕಾಣದಿದ್ದರೆ, ಕಾಗದದ ಮೇಲೆ ಹೆಸರಿರುವ ಕೋರ್ಟಿನ ಕಚೇರಿಯಲ್ಲೇ ವಿಚಾರಿಸಿ. ಕಳಿಸಿದವರ ನಂಬರಿಗೆ ಮಾತ್ರ ದುಡ್ಡು ಹಾಕಬೇಡಿ.

ನನಗೆ ಬಂದದ್ದು ಬೆಂಗಳೂರಿನ ಒಂದು ಸಿವಿಲ್ ಕೋರ್ಟಿನ ಸಾಮಾನ್ಯ ಸಮನ್ಸ್. ಕೇಳಿದ್ದ ಮೊತ್ತ 3,31,000.

19 ಸಾವಿರದ ಲೆಕ್ಕ

ಹೋಗದಿದ್ದರೆ ಏನಾಗ್ತಿತ್ತು? ಮೊದಲ ರಾತ್ರಿ ನಾನು ಕೂತು ಹಾಕಿದ್ದು ಇದೇ ಲೆಕ್ಕ.

ಪ್ರತಿವಾದಿ ಬಾರದಿದ್ದರೆ ಕೋರ್ಟ್ ಏಕಪಕ್ಷೀಯವಾಗಿ ವಿಚಾರಣೆ ನಡೆಸಿ ಡಿಕ್ರಿ ಕೊಡಬಹುದು. ಅವರು ಕೊಟ್ಟ ಲೆಕ್ಕವನ್ನು ಪ್ರಶ್ನಿಸಲು ಎದುರಿಗೆ ಯಾರೂ ಇರುವುದಿಲ್ಲ. ಡಿಕ್ರಿ ಜಾರಿಗೆ ಅವರಿಗೆ 12 ವರ್ಷ ಅವಕಾಶ ಇರುತ್ತದೆ. ಸಂಬಳದವರ ವಿಷಯದಲ್ಲಿ ಸಲೀಸಾದ ದಾರಿ ಸಂಬಳ ಜಪ್ತಿ.

ಕಾನೂನು ಪೂರ್ತಿ ಸಂಬಳ ಮುಟ್ಟಲು ಬಿಡಲ್ಲ. ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ನಮಗೇ. ಅಂದರೆ ಮೂರನೇ ಒಂದು ಭಾಗ ಹಿಡಿಯಬಹುದು. ನನ್ನ 58 ಸಾವಿರದಲ್ಲಿ 1,000 ಕಳೆದರೆ 57 ಸಾವಿರ, ಅದರ ಮೂರನೇ ಒಂದು ಭಾಗ 19 ಸಾವಿರ. ಒಂದು ಡಿಕ್ರಿಗೆ ಹೀಗೆ ಹಿಡಿಯುವುದು ಒಟ್ಟು 24 ತಿಂಗಳು ಮೀರುವಂತಿಲ್ಲ. ಪಿಎಫ್ ಹಣವನ್ನು ಮುಟ್ಟುವಂತಿಲ್ಲ. ಮನೆಯ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆಬರೆಯನ್ನೂ ಮುಟ್ಟುವಂತಿಲ್ಲ.

ಸಾಲಕ್ಕೆ ಅಂತ ನನ್ನಲ್ಲಿದ್ದದ್ದು 24 ಸಾವಿರ. ಅದರಲ್ಲಿ 19 ಸಾವಿರ ಒಬ್ಬರಿಗೇ ಹೋದರೆ ಉಳಿಯುವುದು 5 ಸಾವಿರ. ಉಳಿದ ಮೂವರಿಗೆ ಬೇಕಾದದ್ದು 18 ಸಾವಿರ. ಮಾತು ಉಳಿಸಿಕೊಂಡ ಮೂರೂ ಒಪ್ಪಂದಗಳು ಒಂದೇ ತಿಂಗಳಲ್ಲಿ ಮುರಿದುಬೀಳುತ್ತಿದ್ದವು. ಅದರ ಮೇಲೆ, ಜಪ್ತಿ ಆದೇಶ ಹೋಗುವುದು ಕಂಪನಿಗೆ. ಸೇರಿ ವರ್ಷ ತುಂಬದ ಆಫೀಸಿನಲ್ಲಿ ಎಚ್‌ಆರ್ ಮೇಜಿಗೆ ನನ್ನ ಹೆಸರಿನ ಕೋರ್ಟ್ ಕಾಗದ ಬರುತ್ತಿತ್ತು.

ಜೈಲಿನ ವಿಷಯ? ಹಣ ವಸೂಲಿಯ ಸಿವಿಲ್ ದಾವೆಯಲ್ಲಿ ಪೊಲೀಸರು ಬಂದು ಹಿಡಿದುಕೊಂಡು ಹೋಗುವುದಿಲ್ಲ. ಡಿಕ್ರಿ ಆದ ಮೇಲೆ ಸಿವಿಲ್ ಬಂಧನಕ್ಕೆ ಅವಕಾಶ ಇದೆ, ಆದರೆ ಕೈಯಲ್ಲಿ ಇದ್ದೂ ಕೊಡದ ದುರುದ್ದೇಶ ಇರಬೇಕು. ಬರೀ ಬಡತನಕ್ಕೆ ಯಾರನ್ನೂ ಒಳಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಹೆಣ್ಣುಮಕ್ಕಳನ್ನು ಬಂಧಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ಫೀಸಿಲ್ಲದ ವಕೀಲೆ

ಆಫೀಸಿನ ಗೆಳತಿ, ‘ವಕೀಲರ ಫೀಸಿಗೇ ಎರಡು ತಿಂಗಳ ಕಂತು ಹೋಗುತ್ತೆ, ಈ ತಿಂಗಳು ಬೇರೆಯವರಿಗೆ ಕಟ್ಟೋದು ನಿಲ್ಸು’ ಅಂದಳು. ಅಷ್ಟರಲ್ಲಿ ಸಾಲ ಸೆಟಲ್‌ಮೆಂಟ್ ಮಾಡಿಸಿಕೊಡ್ತೀವಿ ಅನ್ನುವ ಒಂದು ಏಜೆನ್ಸಿಯಿಂದಲೂ ಫೋನ್ ಬಂತು. ಅವರ ಪ್ಲಾನ್: ನಾಲ್ವರಿಗೂ ಕಟ್ಟೋದು ನಿಲ್ಲಿಸಿ, ಆ ದುಡ್ಡನ್ನು ನಮ್ಮ ಬಳಿ ಕೂಡಿಡಿ, ಜತೆಗೆ ನಮ್ಮ ಫೀಸು. ಅಂದರೆ ಒಂದು ಕೇಸಿನ ಜಾಗದಲ್ಲಿ ನಾಲ್ಕು ಕೇಸಿಗೆ ದಾರಿ! ಥ್ಯಾಂಕ್ಸ್ ಹೇಳಿ ಇಟ್ಟೆ.

ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಹೇಳ್ತೀನಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಂಗವಿಕಲರಿಗೂ ಅಷ್ಟೇ. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನಾನು ಆಧಾರ್, ಸಮನ್ಸ್, ಒಂದು ಅರ್ಜಿ ಕೊಟ್ಟೆ. ನನಗೆ ಸಿಕ್ಕಿದ ವಕೀಲೆ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ನನ್ನ ಫೈಲು ತಿರುವಿ ಕೇಳಿದ ಮೊದಲ ಪ್ರಶ್ನೆ, ‘ಸಾಲ ತಗೊಂಡಿದ್ದು ನಿಜಾನಾ?’

‘ನಿಜ ಮೇಡಂ.’

‘ಹಾಗಾದ್ರೆ ಸಾಲ ಒಪ್ಕೊಳ್ಳೋಣ. ಲೆಕ್ಕ ಒಪ್ಕೊಳ್ಳೋದು ಬೇಡ.’

ಲೆಕ್ಕ ಬಿಡಿಸಿದಾಗ

ದಾವೆಯ ಜತೆ ಅವರು ಕೊಟ್ಟಿದ್ದ ಲೆಕ್ಕಪಟ್ಟಿಯನ್ನೂ ನನ್ನ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಿದೆವು. ದಾವೆ ಹಾಕುವ ದಿನಕ್ಕೆ ನಾನು ಒಂಬತ್ತು ಕಂತು ಕಟ್ಟಿದ್ದೆ. ಅವರ ಪಟ್ಟಿಯಲ್ಲಿ ಇದ್ದದ್ದು ಐದು. ನಾಲ್ಕು ಕಂತಿನ 24 ಸಾವಿರ ಯಾವುದೋ ಬೇರೆ ಖಾತೆಯಲ್ಲಿ ಕೂತಿತ್ತು. ಪ್ರತಿ ಪಾವತಿಗೂ ಯುಟಿಆರ್ ನಂಬರ್ ಇತ್ತಾದ್ದರಿಂದ ವಾದಿಸುವ ಕೆಲಸವೇ ಬರಲಿಲ್ಲ.

ಇನ್ನೊಂದು ಸಾಲು ‘ದಂಡ ಮತ್ತು ವಸೂಲಿ ವೆಚ್ಚ’. ಅದು 35,800. ಇದರಲ್ಲಿ ದಂಡದ ಮೇಲೂ ಬಡ್ಡಿ ಸೇರಿತ್ತು. ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಕಂತು ತಪ್ಪಿದರೆ ದಂಡ ಹಾಕಬಹುದು, ಆದರೆ ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಅದನ್ನೂ ಉತ್ತರದಲ್ಲಿ ಬರೆದರು.

ಮೂರನೆಯದು ನನಗೆ ಹೊಸದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 11. ಹಣದ ಡಿಕ್ರಿ ಕೊಡುವಾಗ, ಸಕಾರಣ ಇದ್ದರೆ, ಕಂತುಗಳಲ್ಲಿ ಕಟ್ಟಿ ಅಂತ ಕೋರ್ಟೇ ಆದೇಶಿಸಬಹುದು. ಲೋನ್ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸರಿ. ಆದರೆ ಡಿಕ್ರಿ ಆಗಿಹೋದ ಮೇಲೆ ಕಂತು ಕೇಳಿದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು. ತೀರ್ಪಿಗೆ ಮುಂಚೆ ಹಾಜರಿದ್ದವರ ಮಾತು ಕೇಳಿ ಈ ಆದೇಶ ಮಾಡಬೇಕು ಅಂತ ನಿಯಮದಲ್ಲೇ ಇದೆ. ಮನೆಯಲ್ಲಿ ಕೂತವರಿಗೆ ಈ ಬಾಗಿಲು ಮುಚ್ಚಿದ ಹಾಗೆಯೇ.

ನನ್ನ ನಾಲ್ಕು ಸಾಲದ ಪಟ್ಟಿ, ಮೂವರ ಒಪ್ಪಿಗೆ ಪತ್ರ, ಸಂಬಳದ ಚೀಟಿ ಎಲ್ಲ ಲಿಖಿತ ಉತ್ತರದ ಜತೆ ಹೋದವು. ಅಲ್ಲಿಯವರೆಗೂ ನನ್ನ ಎಕ್ಸೆಲ್ ಶೀಟ್ ಆಗಿದ್ದದ್ದು ಕೋರ್ಟಿನ ದಾಖಲೆ ಆಯಿತು.

‘ಕೇಸ್ ನಡೀತಿರುವಾಗ ಕಂತು ನಿಲ್ಲಿಸಲಾ?’ ಅಂತ ಕೇಳಿದ್ದೆ. ‘ಒಂದೂ ನಿಲ್ಲಿಸ್ಬೇಡಿ. ಕ್ಯಾಶ್ ಕೊಡ್ಬೇಡಿ, ಏಜೆಂಟ್ ಕೈಗೆ ಕೊಡ್ಬೇಡಿ, ಬ್ಯಾಂಕಿಂದ ಲೋನ್ ಖಾತೆಗೇ ಹಾಕಿ’ ಅಂದರು.

ರಾಜಿಯ ಮೇಜಿನಲ್ಲಿ

ಕೋರ್ಟ್ ಹಾಲ್ ಸಿನಿಮಾದ ಹಾಗಿರಲ್ಲ. ಬೆಳಗ್ಗೆ ಬಾಗಿಲಲ್ಲಿ ಅಂಟಿಸಿದ ಪಟ್ಟಿಯಲ್ಲಿ ಹೆಸರು ಹುಡುಕೋದು, ಹೆಸರು ಕೂಗಿದಾಗ ಎದ್ದು ನಿಲ್ಲೋದು, ಎರಡು ನಿಮಿಷದಲ್ಲಿ ಮುಂದಿನ ವಾಯಿದೆ ಬರೆಸಿಕೊಂಡು ಹೊರಗೆ ಬರೋದು. ಎಂಟು ತಿಂಗಳಲ್ಲಿ ಐದು ಸಲ ಹೋದೆ. ಐದೂ ಸಲ ಅರ್ಧ ದಿನ ರಜೆ. ಎಚ್‌ಆರ್‌ಗೆ ‘ವೈಯಕ್ತಿಕ ಕೆಲಸ’ ಅಂದರೆ ಸಾಕಾಯ್ತು.

ನಾಲ್ಕನೇ ವಾಯಿದೆಯಲ್ಲಿ ನ್ಯಾಯಾಧೀಶರು ಎರಡೂ ಕಡೆಯವರನ್ನು ನೋಡಿ, ಇದು ಲೋಕ ಅದಾಲತ್‌ಗೆ ಹೋಗಬಹುದಲ್ಲ ಅಂದರು. ಬಾಕಿ ಇರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ವಾದಿ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ. ಸಾಲ ಕೊಟ್ಟವರೂ ಮಾತಿಗೆ ಕೂರಲು ಅದೊಂದು ಕಾರಣ.

2025ರ ಮಧ್ಯಭಾಗದಲ್ಲಿ ರಾಜಿಗೆ ಕೂತೆವು. ಕಂಪನಿಯ ಕಡೆಯಿಂದ ಬಂದಿದ್ದ ಹುಡುಗನಿಗೆ ನನ್ನಷ್ಟೇ ವಯಸ್ಸು. ‘ತಿಂಗಳಿಗೆ 15 ಸಾವಿರ ಕಟ್ಟಿ ಮೇಡಂ, ಬೇಗ ಮುಗಿಯುತ್ತೆ’ ಅಂದ. ನಾನು ಹಂಚಿಕೆಯ ಪಟ್ಟಿ ಅವನ ಮುಂದೆ ತಿರುಗಿಸಿಟ್ಟೆ. ‘ನಿಮಗೆ 15 ಕೊಟ್ರೆ ಇವರು ಮೂವರಿಗೂ ಪೂರ್ತಿ ಕೊಡೋಕಾಗಲ್ಲ. ಅವರೂ ಕೇಸ್ ಹಾಕ್ತಾರೆ. ಆಗ ನನ್ನ ಸಂಬಳಕ್ಕೆ ಎಲ್ಲರೂ ಕೈ ಹಾಕ್ತೀರ. ನಿಮ್ಮ ಪಾಲಿಗೆ ಎಷ್ಟು ಬರುತ್ತೆ ನೀವೇ ಹೇಳಿ ಸರ್.’ ಅವನು ಪಟ್ಟಿಯ ಫೋಟೊ ತೆಗೆದು ಯಾರಿಗೋ ಕಳಿಸಿದ. ಇಪ್ಪತ್ತು ನಿಮಿಷ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ.

ಕೊನೆಗೆ ಲೆಕ್ಕ ಹೀಗಾಯ್ತು. ಕೇಳಿದ್ದ 3,31,000ದಲ್ಲಿ ಕಾಣೆಯಾಗಿದ್ದ 24 ಸಾವಿರ ಕಳೆದರು. ದಾವೆ ಹಾಕಿದ ಮೇಲೆ ನಾನು ಕಟ್ಟಿದ್ದ ಹತ್ತು ಕಂತಿನ 60 ಸಾವಿರ ಕಳೆದರು. ದಂಡ, ವಸೂಲಿ ವೆಚ್ಚದ 35,800 ಬಿಟ್ಟರು. ಉಳಿದದ್ದು 2,11,200. ತಿಂಗಳಿಗೆ 6,600ರಂತೆ 32 ಕಂತು, ಮುಂದಕ್ಕೆ ಬಡ್ಡಿ ಇಲ್ಲ. ಮೊದಲಿಗಿಂತ ಹೆಚ್ಚಾದದ್ದು ತಿಂಗಳಿಗೆ 600 ರೂಪಾಯಿ.

ಸಹಿಗೆ ಮುಂಚೆ ವಕೀಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಒಂದು ಕಂತು ತಪ್ಪಿದರೆ ಪೂರ್ತಿ ಮೊತ್ತ ಒಮ್ಮೆಲೇ ಕಟ್ಟಬೇಕು’ ಅಂತಿತ್ತು. ಅದನ್ನು ‘ಸತತ ಎರಡು ಕಂತು’ ಅಂತ ತಿದ್ದಿಸಿದರು. ಸಂಬಳ ನಾಲ್ಕು ದಿನ ತಡವಾದರೆ ಏನು ಗತಿ? ಲೋಕ ಅದಾಲತ್‌ನ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಓದಿ, ಓದಿಸಿ, ಅರ್ಥ ಆಗದ್ದನ್ನು ಕೇಳಿ, ಆಮೇಲೆ ಸಹಿ ಹಾಕಿ.

ಎಲ್ಲರಿಗೂ ಇಷ್ಟು ಬಿಡುತ್ತಾರೆ ಅಂತ ನಾನು ಹೇಳಲ್ಲ. ಕೆಲವರು ಒಂದು ರೂಪಾಯಿಯೂ ಬಿಡಲ್ಲ. ಆಗಲೂ ಕಂತಿನ ಆದೇಶ ಕೇಳುವ ದಾರಿ ಇದ್ದೇ ಇದೆ, ಹಾಜರಿದ್ದರೆ.

ಚೆಕ್ ಕೊಟ್ಟಿದ್ದರೆ ಮಾತೇ ಬೇರೆ

ಸಾಲ ಕೊಡುವಾಗ ಸಹಿ ಹಾಕಿದ ಖಾಲಿ ಚೆಕ್ ಇಸಿದುಕೊಳ್ಳುವವರು ತುಂಬಾ ಜನ. ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ ವಿಷಯ ಸಿವಿಲ್ ಅಲ್ಲ, ಕ್ರಿಮಿನಲ್. ಚೆಕ್ ವಾಪಸಾದ ಮಾಹಿತಿ ಸಿಕ್ಕಿದ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು. ಅದು ಕೈಗೆ ಬಂದ 15 ದಿನದೊಳಗೆ ನಾವು ಹಣ ಕೊಡದಿದ್ದರೆ ಸೆಕ್ಷನ್ 138ರಡಿ ದೂರು ದಾಖಲಿಸಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆಟೊ ಡೆಬಿಟ್ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ ಸೆಕ್ಷನ್ 25ರಲ್ಲಿ ಇಂಥದ್ದೇ ಶಿಕ್ಷೆ ಇದೆ. ಇಲ್ಲಿ ವಾಯಿದೆಗೆ ಹೋಗದಿದ್ದರೆ ವಾರಂಟ್ ನಿಜವಾಗಿಯೂ ಬರುತ್ತದೆ.

ಕಂತು ಕಟ್ಟುತ್ತಿರುವವರು ತಿಳಿದಿರಬೇಕಾದ ಒಂದು ತೀರ್ಪು ಇದೆ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ದಶರಥಭಾಯಿ ತ್ರಿಕಮ್‌ಭಾಯಿ ಪಟೇಲ್ ಪ್ರಕರಣದಲ್ಲಿ ಹೀಗೆ ಹೇಳಿತು: ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು ಸಾಲದ ಒಂದಷ್ಟು ತೀರಿಸಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸಬೇಕು. ಹಾಗೆ ಮಾಡದೆ, ಆ ದಿನ ನಿಜವಾಗಿ ಇರುವ ಬಾಕಿಗಿಂತ ಹೆಚ್ಚಿನ ಪೂರ್ತಿ ಮೊತ್ತಕ್ಕೆ ಚೆಕ್ ಹಾಕಿ ಬೌನ್ಸ್ ಮಾಡಿಸಿದರೆ ಸೆಕ್ಷನ್ 138ರ ಅಪರಾಧ ಆಗುವುದಿಲ್ಲ. ನಾವು ಕಟ್ಟಿದ ಒಂದೊಂದು ಕಂತಿನ ರಸೀದಿಗೂ ಇಷ್ಟು ಬೆಲೆ ಇದೆ. ಚೆಕ್ ಕೇಸುಗಳನ್ನೂ ರಾಜಿ ಮಾಡಿಕೊಳ್ಳಬಹುದು.

ಇವತ್ತೇ ಮಾಡಿಡಬಹುದಾದ್ದು

ಕಂತಿನ ಏರ್ಪಾಡನ್ನು ಬರವಣಿಗೆಯಲ್ಲಿ ಪಡೆಯಿರಿ. ಫೋನಿನಲ್ಲಿ ಒಪ್ಪಿದರೆ, ‘ನಾವು ಮಾತಾಡಿದಂತೆ’ ಅಂತ ಅವತ್ತೇ ಇಮೇಲ್ ಹಾಕಿ. ‘ಇದನ್ನು ಪಾಲಿಸುವಷ್ಟು ಕಾಲ ಕಾನೂನು ಕ್ರಮ ತೆಗೆದುಕೊಳ್ಳುವುದಿಲ್ಲ’ ಅನ್ನುವ ಒಂದು ಸಾಲು ಸೇರಿಸಲು ಕೇಳಿ.

ಲೋನ್ ಅರ್ಜಿಯಲ್ಲಿ ಯಾವ ವಿಳಾಸ ಇದೆ ನೋಡಿ. ಮನೆ ಬದಲಾಯಿಸಿದ್ದರೆ ತಿಳಿಸಿ. ಹಳೇ ಬಾಡಿಗೆ ಮನೆಯ ಬಾಗಿಲಿಗೆ ಅಂಟಿಸಿದ ಸಮನ್ಸ್ ನಿಮಗೆ ಕಾಣುವುದೇ ಇಲ್ಲ. ಗೊತ್ತಿಲ್ಲದೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ರದ್ದು ಮಾಡಿ ಅಂತ ಕೇಳಬಹುದು. ಸಮಯ ಮಾತ್ರ 30 ದಿನ. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಆ 30 ದಿನ ಶುರು.

ಮೂರು ತಿಂಗಳಿಗೊಮ್ಮೆ ಲೋನಿನ ಲೆಕ್ಕಪಟ್ಟಿ ತರಿಸಿ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಜತೆ ತಾಳೆ ನೋಡಿ.

ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ಆರ್‌ಬಿಐ ನಿಯಮ ಇದೆ. ಮೀರಿದರೆ ದಿನಾಂಕ, ಸಮಯ ಬರೆದಿಟ್ಟು ಬ್ಯಾಂಕಿಗೆ ಅಥವಾ ಕಂಪನಿಗೆ ಮೊದಲು ದೂರು ಕೊಡಿ.

ಕ್ರೆಡಿಟ್ ರಿಪೋರ್ಟ್ ಬಗ್ಗೆ ಮೊದಲೇ ತಿಳಿದಿರಿ. ಬಾಕಿ ಬಿಟ್ಟು ಮುಗಿಸಿದ ಸಾಲ ಅಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಕಾಣಬಹುದು. ಮುಂದೆ ಮನೆ ಸಾಲ ಕೇಳುವಾಗ ಅದು ಅಡ್ಡ ಬರುತ್ತೆ. ನನ್ನದೂ ಹಾಗೇ ಆಗಬಹುದು ಅಂತ ಗೊತ್ತಿದ್ದೇ ಸಹಿ ಹಾಕಿದೆ. ಸಂಬಳ ಜಪ್ತಿಗೆ ಹೋಲಿಸಿದರೆ ಅದು ಸಣ್ಣ ಬೆಲೆ.

ಕೊನೆಯದಾಗಿ, ಮನೆಯವರಿಗೆ ಹೇಳಿ. ಅಮ್ಮನಿಗೆ ಸಾಲದ ಪಟ್ಟಿ ಮೊದಲೇ ಗೊತ್ತಿತ್ತು, ಅದಕ್ಕೇ ಅವತ್ತು ಸಮನ್ಸ್ ಅನ್ನು ಸೈನ್ ಹಾಕಿ ಇಸಿದುಕೊಂಡರು. ಗೊತ್ತಿರದಿದ್ದರೆ ಚಿಕ್ಕಪ್ಪನ ಮಾತೇ ನಡೆಯುತ್ತಿತ್ತು, ನನಗೆ ವಿಷಯ ತಿಳಿಯುವಷ್ಟರಲ್ಲಿ ಆ 30 ದಿನ ಮುಗಿದಿರುತ್ತಿತ್ತು.

ನಿಮ್ಮ ಕೈಯಲ್ಲಿ ಈಗ ಸಮನ್ಸ್ ಇದ್ದರೆ, ಈ ಲೇಖನ ಮುಚ್ಚಿ ಅದರ ಮೇಲಿನ ಎರಡು ದಿನಾಂಕ ನೋಡಿ: ತಲುಪಿದ ದಿನ, ಹಾಜರಾಗಬೇಕಾದ ದಿನ. ಎರಡನ್ನೂ ಫೋನಿನ ಕ್ಯಾಲೆಂಡರಿಗೆ ಹಾಕಿ. ನಾಳೆ ಬೆಳಗ್ಗೆ 15100ಕ್ಕೆ ಫೋನ್ ಮಾಡಿ. ಈ ತಿಂಗಳ ಕಂತನ್ನು ಎಂದಿನ ತಾರೀಕಿಗೇ ಹಾಕಿ, ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ.